ಹದಿನಾಲ್ಕು ಇಂಚಿನ ಗಾಜು: ಹಳೆಯ ಪೆಟ್ರೋಲ್ ಪಂಪೊಂದರ ದುರಸ್ತಿ ಪ್ರಕರಣ

ಹಿನ್ನೆಲೆ

ಮಂಡ್ಯ ಮತ್ತು ಶ್ರೀರಂಗಪಟ್ಟಣದ ನಡುವೆ, ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಮಗ್ಗುಲಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಮೂರು ತಲೆಮಾರಿನಿಂದ ಒಂದೇ ಮನೆತನದವರು ನಡೆಸುತ್ತಿದ್ದಾರೆ. ಗುರುತು ಸಿಗಬಾರದೆಂದು ಊರಿನ, ಎಣ್ಣೆ ಕಂಪನಿಯ, ಜನರ ಹೆಸರುಗಳನ್ನೆಲ್ಲ ಬಿಟ್ಟಿದ್ದೇನೆ. ಅಳತೆಗಳನ್ನು ಮಾತ್ರ ಇದ್ದ ಹಾಗೆಯೇ ಕೊಟ್ಟಿದ್ದೇನೆ, ಏಕೆಂದರೆ ಇಲ್ಲಿ ಆದದ್ದೆಲ್ಲ ಅಳತೆಯಿಂದಲೇ ಆದದ್ದು.

2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾಯಿತು. ದೂರದ ಕಾರುಗಳು ಊರ ಹೊರಗಿನಿಂದಲೇ ಹಾದುಹೋಗತೊಡಗಿದವು. ಹಳೆಯ ರಸ್ತೆಗೆ ಉಳಿದದ್ದು ಕಬ್ಬಿನ ಟ್ರ್ಯಾಕ್ಟರು, ಬೈಕು, ಸುತ್ತಲಿನ ಹಳ್ಳಿಯ ಬಸ್ಸು. ಬಂಕಿನಲ್ಲಿ ಬಿಡುವು ಹೆಚ್ಚಿದಾಗ ಮಾಲೀಕರು ಮನೆಯ ಹಿಂದಿನ ಶೆಡ್ ಖಾಲಿ ಮಾಡಿಸಿದರು. ಹಳೆಯ ಟೈರು, ಗೋಣಿಚೀಲಗಳ ಅಡಿಯಲ್ಲಿ ಅವರ ತಾತನ ಕಾಲದ ಪಂಪ್ ಮಲಗಿತ್ತು. ಮೈಸೂರಿನಲ್ಲಿ ನಾನು ಹಳೆಯ ಯಂತ್ರಗಳನ್ನು ಸರಿಮಾಡುವ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಅವರು ಫೋನ್ ಮಾಡಿ, "ಮೇಷ್ಟ್ರೇ, ಓಡುವುದು ಬೇಡ, ನೋಡುವ ಹಾಗಾದರೆ ಸಾಕು" ಎಂದರು.

ಅದು ಗಡಿಯಾರ ಮುಖದ ಪಂಪ್. ಎದೆಮಟ್ಟದಲ್ಲಿ ಎರಡೂ ಕಡೆ ದುಂಡನೆಯ ಡಯಲ್, ಅದರಲ್ಲಿ ದೊಡ್ಡ ಮುಳ್ಳು. ಎಷ್ಟು ಪೆಟ್ರೋಲ್ ಹೋಯಿತೆಂದು ಮುಳ್ಳು ತೋರಿಸುತ್ತದೆ. ಡಯಲ್ಲಿನ ಅಂಕಿಗಳು ಗ್ಯಾಲನ್‌ನಲ್ಲಿವೆ, ಅಂದರೆ ಒಂದು ಗ್ಯಾಲನ್‌ಗೆ 4.546 ಲೀಟರ್. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ ದೇಶ ಹಂತಹಂತವಾಗಿ ಲೀಟರು, ಕಿಲೋಗಳಿಗೆ ಹೊರಳಿತು. ಪಂಪ್ ಅದಕ್ಕೂ ಮೊದಲಿನದೆಂದು ಡಯಲ್ಲೇ ಹೇಳುತ್ತಿತ್ತು. ಡಯಲ್‌ನ ಕೆಳಗೆ ಎರಡೂ ಕಡೆ ಉದ್ದನೆಯ ಇನ್ನೊಂದು ಗಾಜು. ಅದರ ಬೆನ್ನಿಗೆ ಕಂಪನಿಯ ಹೆಸರು ಬರೆದಿರುತ್ತದೆ, ಹಿಂದೆ ಬಲ್ಬು ಉರಿದರೆ ರಾತ್ರಿ ಹೊತ್ತು ಹೆಸರು ಹೊಳೆಯುತ್ತದೆ. ಇದನ್ನು ಜಾಹೀರಾತು ಗಾಜು ಎಂದು ಕರೆಯುತ್ತೇನೆ.

ನಾಲ್ಕು ಗಾಜುಗಳಲ್ಲಿ ಒಂದು ಜಾಹೀರಾತು ಗಾಜು ಮಾತ್ರ ಇಡಿಯಾಗಿತ್ತು. ಒಂದು ಮುಖದ ಗಾಜು ಅಡ್ಡಡ್ಡ ಸೀಳಿತ್ತು, ಆದರೂ ತುಂಡುಗಳು ಜಾಗದಲ್ಲೇ ಇದ್ದವು. ಇನ್ನೊಂದು ಮುಖಕ್ಕೆ ಯಾರೋ ಎಂದೋ ತಗಡು ಬಡಿದಿದ್ದರು.

ಮೊದಲೇ ಮಾಡಿಕೊಂಡ ತೀರ್ಮಾನವೊಂದನ್ನು ಹೇಳಬೇಕು. ಈ ಪಂಪಿನಿಂದ ಪೆಟ್ರೋಲ್ ಹಾಕುವಂತಿಲ್ಲ. ಮಾರಾಟಕ್ಕೆ ಬಳಸುವ ಪಂಪಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಪೆಟ್ರೋಲಿಯಂ ನಿಯಮಗಳ ಪರವಾನಗಿ ಬೇಕು. ಆದ್ದರಿಂದ ಇದನ್ನು ಬಂಕಿನ ಟ್ಯಾಂಕುಗಳಿಂದ ದೂರ, ಮನೆಯ ಅಂಗಳದಲ್ಲಿ ನಿಲ್ಲಿಸುವುದೆಂದು ಒಪ್ಪಿಕೊಂಡೆವು. ಒಳಗಿನ ಕೊಳವೆ, ಮೀಟರುಗಳಲ್ಲಿ ಹಳೆಯ ಪೆಟ್ರೋಲಿನ ಆವಿ ಉಳಿದಿರಬಹುದು. ಗ್ರೈಂಡರ್ ಮುಟ್ಟಿಸುವ ಮೊದಲು ಎಲ್ಲವನ್ನೂ ಬಿಚ್ಚಿ, ನೀರು ತುಂಬಿಸಿ ತೊಳೆದು, ದಿನಗಟ್ಟಲೆ ಬಯಲಿನಲ್ಲಿ ಒಣಗಿಸಿದೆವು. ಈ ಹೆಜ್ಜೆಯನ್ನು ಯಾರೂ ಹಾರಿಸಬಾರದು.

ಮೊದಲ ಗಾಜು

ಹೊರಮೈ ಕೆಲಸ ನನ್ನ ಕೈಯಲ್ಲಿರಲಿಲ್ಲ. ಮಾಲೀಕರಿಗೆ ಪರಿಚಯವಿದ್ದ ಗ್ಯಾರೇಜೊಂದು ಟಿಂಕರಿಂಗ್ ಮಾಡಿ, ತಗ್ಗುಗಳಿಗೆ ಪುಟ್ಟಿ ತುಂಬಿ, ಕೆಂಪು ಡ್ಯೂಕೊ ಪೇಂಟ್ ಹೊಡೆಯಿತು. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಬಣ್ಣ ಒಣಗುವಷ್ಟರಲ್ಲಿ ಗಾಜೂ ಬಂದುಬಿಡಲಿ ಎಂದು ಸೀಳಿದ ಹಳೆಯ ಗಾಜನ್ನೇ ಅಳತೆಗೆ ಹಿಡಿದರು. ಅಡ್ಡಳತೆ ಸರಿಯಾಗಿ ಹದಿನಾಲ್ಕು ಇಂಚು. 356 ಮಿ.ಮೀ. ಎಂದು ಬರೆದು, ಎರಡು ದುಂಡು ಗಾಜುಗಳಿಗೆ ಆರ್ಡರ್ ಕೊಟ್ಟರು. ಮನೆಯಲ್ಲಿ ಮಕ್ಕಳು ಓಡಾಡುವುದರಿಂದ 5 ಮಿ.ಮೀ. ದಪ್ಪದ ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಗಾಜನ್ನು, ಆರಿಸಿದರು. ಒಡೆದರೂ ಕತ್ತಿಯಂಥ ಚೂರಾಗದೆ ಕಾಳಿನಂತೆ ಉದುರುತ್ತದೆ ಎಂಬ ಕಾರಣ ಸರಿಯಾದದ್ದೇ.

ಹಳೆಯ ಗಾಜಿನ ದಪ್ಪ ಮೂರು ಮಿಲಿಮೀಟರಿಗೆ ತುಸು ಹೆಚ್ಚಿತ್ತು. ಹಿಂದೆ ಶೀಟ್ ಗಾಜನ್ನು ಚದರ ಅಡಿಗೆ ಇಷ್ಟು ಔನ್ಸ್ ಎಂದು ತೂಕದ ಲೆಕ್ಕದಲ್ಲಿ ಮಾರುತ್ತಿದ್ದರು. 24 ಔನ್ಸ್ ಎಂದರೆ ಹೆಚ್ಚುಕಡಿಮೆ 3 ಮಿ.ಮೀ., 32 ಔನ್ಸ್ ಎಂದರೆ 4. ಇದು ಆ ಕಾಲದ ಸಾಮಾನ್ಯ ಕಿಟಕಿ ಗಾಜೇ. ಅದರ ಜಾಗದಲ್ಲಿ ಐದರ ಗಾಜು ಕೂರಬೇಕಾಗಿತ್ತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಅಂಗಳದಲ್ಲಿಯೇ ಜೋಡಿಸಿದರು. ಗಾಜಿನ ಸುತ್ತ ಹೊಸ ರಬ್ಬರ್ ಬೀಡಿಂಗ್ ಸುತ್ತಿ, ಗಾಜನ್ನು ಹಿಡಿದಿಡುವ ತಗಡಿನ ಬಳೆಯೊಳಗೆ ಒತ್ತಿದರು. ಕೂರಲಿಲ್ಲ. ಬಿಸಿಲಿನಲ್ಲಿ ಬಳೆ ಕೈ ಇಡಲಾಗದಷ್ಟು ಕಾದಿತ್ತು. ಇಬ್ಬರು ಅಂಗೈಯಿಂದ ಒತ್ತಿ ಹಿಡಿದರು, ಮೂರನೆಯವನು ಎಂಟು ಸ್ಕ್ರೂಗಳನ್ನು ಒಂದರ ಪಕ್ಕ ಒಂದರಂತೆ ಸುತ್ತಿನಲ್ಲಿ ಬಿಗಿದ. ಕೊನೆಗೆ ಕೂತಿತು. ಎಲ್ಲರೂ ಫೋಟೊ ತೆಗೆಸಿಕೊಂಡರು. ರಾತ್ರಿ ಊಟದ ಹೊತ್ತಿಗೆ ಅಂಗಳದಿಂದ ಪಟಾಕಿಯಂಥ ಸದ್ದು ಬಂತು.

ಚೂರುಗಳು ಹೇಳಿದ್ದು

ಮರುದಿನ ಹೋದಾಗ ನಾನು ಕೇಳಿಕೊಂಡದ್ದು ಒಂದನ್ನೇ: ಗುಡಿಸಬೇಡಿ. ಅದೃಷ್ಟಕ್ಕೆ ಗುಡಿಸಿರಲಿಲ್ಲ. ಗಾಜಿನ ಮೇಲ್ಭಾಗ ಕುಸಿದಿತ್ತು. ಕೆಳಗಿನ ಕಾಲುಭಾಗದ ಚೂರುಗಳು ಮಾತ್ರ ಒಂದಕ್ಕೊಂದು ಕಚ್ಚಿಕೊಂಡು ಬೀಡಿಂಗ್‌ನೊಳಗೇ ನಿಂತಿದ್ದವು.

ಎಲ್ಲರೂ ಬಿಸಿಲನ್ನು ದೂರುತ್ತಿದ್ದರು. ನನಗೆ ಲೆಕ್ಕ ಹಾಕದೆ ಒಪ್ಪಲಾಗಲಿಲ್ಲ. ಒಂದು ಡಿಗ್ರಿ ಕಾವು ಏರಿದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲು ಹಿಗ್ಗುತ್ತದೆ, ಸಾಮಾನ್ಯ ಗಾಜು ಒಂಬತ್ತು ಪಾಲು. ಹದಿನಾಲ್ಕು ಇಂಚಿಗೆ, ನಲವತ್ತು ಡಿಗ್ರಿಯ ಏರಿಕೆಗೆ ಎರಡರ ನಡುವಿನ ವ್ಯತ್ಯಾಸ 0.04 ಮಿ.ಮೀ., ತಲೆಗೂದಲಿಗಿಂತ ತೆಳು. ಅದರ ಮೇಲೆ, ಬಿಸಿಲಿನಲ್ಲಿ ಹೆಚ್ಚು ಹಿಗ್ಗುವುದು ಬಳೆಯೇ. ಅಂದರೆ ಬಿಸಿಲು ಗಾಜಿನ ಹಿಡಿತವನ್ನು ಸಡಿಲಿಸಬೇಕು. ಗಾಜು ಒಡೆದದ್ದೂ ಬಿಸಿಲಿನಲ್ಲಲ್ಲ, ರಾತ್ರಿ. ಕಾದಾಗ ಬಿಗಿದ ಬಳೆ ತಣಿದಾಗ ಗಾಜಿಗಿಂತ ಹೆಚ್ಚು ಕುಗ್ಗಿ ಅದನ್ನು ಅವುಕಿತ್ತು. ಕೂದಲಿನಷ್ಟು ಅವುಕುವುದಕ್ಕೆ ನಡುವೆ ರಬ್ಬರ್ ಇದ್ದರೆ ಏನೂ ಆಗುವುದಿಲ್ಲ. ರಬ್ಬರ್ ಇಲ್ಲದ ಜಾಗವೊಂದು ಇರಲೇಬೇಕೆಂದು ಹುಡುಕಲು ಕೂತೆ.

ಟಫನ್ಡ್ ಗಾಜು ಒಡೆದಾಗ ಬಿರುಕುಗಳು ಹುಟ್ಟಿದ ಜಾಗದಿಂದ ಸೂರ್ಯನ ಕಿರಣಗಳಂತೆ ಹರಡುತ್ತವೆ. ಗಾಜಿನೊಳಗೇ ನಿಕಲ್ ಸಲ್ಫೈಡ್‌ನ ಕಣವಿದ್ದು ತಾನಾಗಿ ಒಡೆಯುವುದೂ ಉಂಟು. ಆಗ ಸಾಮಾನ್ಯವಾಗಿ ಹುಟ್ಟಿದ ಜಾಗ ಅಂಚಿನಿಂದ ದೂರ, ಮೈಯ ನಡುವೆ ಇರುತ್ತದೆ, ಅಲ್ಲಿ ಚಿಟ್ಟೆಯ ರೆಕ್ಕೆಗಳ ಹಾಗೆ ಎರಡು ದೊಡ್ಡ ಚೂರುಗಳು ಕಾಣುತ್ತವೆ. ಇಲ್ಲಿ ಉಳಿದ ಚೂರುಗಳ ಗೆರೆಗಳೆಲ್ಲ ಅಂಚಿನ ಒಂದು ಬಿಂದುವಿಗೆ ಬಂದು ಸೇರುತ್ತಿದ್ದವು. ಪಂಪಿನ ಮುಖವೇ ಗಡಿಯಾರದಂತಿದ್ದುದರಿಂದ ಗುರುತು ಹಾಕುವುದು ಸುಲಭವಾಯಿತು: ನಾಲ್ಕೂವರೆ ಗಂಟೆಯ ಜಾಗ. ಚೂರುಗಳನ್ನು ಒಂದೊಂದಾಗಿ ಎತ್ತಿ ಬೀಡಿಂಗ್ ಬಿಡಿಸಿದೆ. ಅಲ್ಲಿ ರಬ್ಬರ್ ತುಂಡರಿಸಿಹೋಗಿತ್ತು. ಅದರ ಹಿಂದೆ ಕೆಂಪು ಬಣ್ಣದ ಮೇಲೆ ಅಕ್ಕಿಕಾಳಿನಷ್ಟು ಉದ್ದದ, ಹೊಳೆಯುವ ಗೀರು. ಗಾಜು ತಗಡನ್ನು ಮುಟ್ಟಿತ್ತು. ಟಫನ್ಡ್ ಗಾಜಿನ ಮೈ ಗಟ್ಟಿ, ಅಂಚು ಸೂಕ್ಷ್ಮ. ಮೈಗೆ ಬಿದ್ದ ಗುದ್ದನ್ನು ತಡೆಯುವ ಗಾಜು ಅಂಚಿಗೆ ತಾಗಿದ ಚೂಪನ್ನು ತಡೆಯದು.

ಅಕ್ರಿಲಿಕ್‌ನ ಹದಿನೆಂಟು ದಿನ

ನಾನು ಬಳೆಯನ್ನು ಬಿಚ್ಚಿ ಮೈಸೂರಿಗೆ ಕಳುಹಿಸಿ ಎಂದೆ. ಮನೆಯಲ್ಲಿ ಸಮಾರಂಭ ಹತ್ತಿರವಿತ್ತು, ಅಷ್ಟು ಕಾಯಲು ಅವರಿಗೆ ಆಗಲಿಲ್ಲ. ಬೋರ್ಡ್ ಮಾಡುವವರಿಂದ 4 ಮಿ.ಮೀ. ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ತಂದು ಎರಡೂ ಮುಖಕ್ಕೆ ಹಾಕಿದರು. ಹಗುರ, ಅಗ್ಗ, ಒಡೆಯುವ ಭಯವಿಲ್ಲ.

ಅಕ್ರಿಲಿಕ್ ಗಾಜಿನ ಏಳೆಂಟು ಪಟ್ಟು ಹಿಗ್ಗುತ್ತದೆ. ಅದೇ ಅಡ್ಡಳತೆಗೆ, ಅದೇ ನಲವತ್ತು ಡಿಗ್ರಿಗೆ ಸುಮಾರು ಒಂದು ಮಿಲಿಮೀಟರ್. ಬಿಗಿಯಾಗಿ ಕೂತಿದ್ದ ಹಾಳೆಗೆ ಹೋಗಲು ಜಾಗವಿಲ್ಲದೆ ಮಧ್ಯಾಹ್ನದ ಹೊತ್ತು ಉಬ್ಬುತ್ತಿತ್ತು. ಅದರಲ್ಲಿ ಕಂಡ ಮುಖವೂ ಮರವೂ ಡೊಂಕಾಗುತ್ತಿದ್ದವು. ಹದಿನೆಂಟನೆಯ ದಿನ ಬಂಕಿನ ಹುಡುಗ ದಿನವೂ ಯಂತ್ರಗಳನ್ನು ಒರೆಸುವ ಬಟ್ಟೆಯಲ್ಲೇ, ಅದರಲ್ಲಿದ್ದ ಪೆಟ್ರೋಲಿನ ಸಮೇತ, ಇದನ್ನೂ ಒರೆಸಿದ. ಸಂಜೆಗೆ ಇಡೀ ಮೈಮೇಲೆ ಜೇಡರಬಲೆಯಂಥ ಬಿರುಕು. ಪೆಟ್ರೋಲ್, ಥಿನ್ನರ್ ಎರಡೂ ಅಕ್ರಿಲಿಕ್‌ಗೆ ಆಗುವುದಿಲ್ಲ, ಅದರಲ್ಲೂ ಬಿಗಿತಕ್ಕೆ ಸಿಕ್ಕ ಹಾಳೆಗೆ. ಹುಡುಗನ ತಪ್ಪೇನೂ ಇಲ್ಲ. ಬಂಕಿನ ಮನೆಯಲ್ಲಿ ಪೆಟ್ರೋಲ್ ಬಟ್ಟೆ ಎಲ್ಲರ ಕೈಯಲ್ಲೂ ಇರುತ್ತದೆ. ಅಂಥ ಮನೆಗೆ ಅಕ್ರಿಲಿಕ್ ಹೊಂದದು.

ಮಾಲೀಕರು ಎರಡು ಬಳೆಗಳನ್ನೂ ಇಡಿಯಾಗಿದ್ದ ಜಾಹೀರಾತು ಗಾಜನ್ನೂ ಕಾರಿನಲ್ಲಿಟ್ಟುಕೊಂಡು ತಾವೇ ಮೈಸೂರಿಗೆ ಬಂದರು. "ಈ ಸಲ ನೀವು ಹೇಳಿದಷ್ಟು ದಿನ ಕಾಯುತ್ತೇನೆ" ಎಂದರು. ಈ ಪ್ರಕರಣ ತಿರುಗಿದ್ದು ಆ ಮಾತಿನಲ್ಲಿ.

ಬಳೆಯಿಂದ ಶುರು

ಬಳೆಯ ಸಂದಿನಲ್ಲಿ ತುಂಬಿಕೊಂಡಿದ್ದ ಬಣ್ಣವನ್ನೂ ಪುಟ್ಟಿಯನ್ನೂ ಮೊದಲು ಕೆರೆದೆವು. ನಾಲ್ಕೂವರೆಯ ಜಾಗದಲ್ಲಿ ಇಳಿದು ಗಟ್ಟಿಯಾದ ಪುಟ್ಟಿಯೇ ಒಂದು ಮಿಲಿಮೀಟರಿತ್ತು. ಹೊರಗೆ ಕಾಣುವ ಮೈಗೆ ನಯ ಬೇಕು, ಗಾಜು ಕೂರುವ ಸಂದಿಗೆ ಜಾಗ ಬೇಕು. ಒಳಗೆ ತುಕ್ಕು ತಡೆಯುವ ಪ್ರೈಮರ್‌ನ ತೆಳು ಕೋಟ್ ಒಂದೇ ಸಾಕು.

ನಂತರ ಅಳತೆ. ಬಳೆ ದುಂಡಗಿದೆ ಎಂದು ನಂಬಿ ಒಂದೇ ಕಡೆ ಟೇಪ್ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಸಂದಿನ ಒಳ ಅಡ್ಡಳತೆಯನ್ನು ನಾಲ್ಕು ದಿಕ್ಕಿನಲ್ಲಿ ತೆಗೆದೆವು. ಹನ್ನೆರಡರಿಂದ ಆರಕ್ಕೆ 361 ಮಿ.ಮೀ., ಮೂರರಿಂದ ಒಂಬತ್ತಕ್ಕೆ 359, ಒಂದೂವರೆಯಿಂದ ಏಳೂವರೆಗೆ 360, ಹತ್ತೂವರೆಯಿಂದ ನಾಲ್ಕೂವರೆಗೆ 358. ಎಂದೋ ಬಿದ್ದ ಪೆಟ್ಟಿಗೆ ಬಳೆ ತುಸು ಮೊಟ್ಟೆಯಾಕಾರಕ್ಕೆ ಬಂದಿತ್ತು. ಟಿಂಕರಿಂಗ್‌ನಲ್ಲಿ ಅದು ಸರಿಹೋಗಿರಲಿಲ್ಲ, ಕಣ್ಣಿಗೂ ಬೀಳುತ್ತಿರಲಿಲ್ಲ.

ಹಾಗಾದರೆ 356ರ ಹಳೆಯ ಗಾಜು ಇಷ್ಟು ವರ್ಷ ಹೇಗೆ ಕೂತಿತ್ತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಂದಿನ ಮೂಲೆಯಲ್ಲಿ ಅಂಟಿಕೊಂಡಿದ್ದ, ಉಗುರಿಗೆ ಪುಡಿಯಾಗುತ್ತಿದ್ದ ಹಳೆಯ ರಬ್ಬರಿನ ಚೂರಿನಲ್ಲಿ. ಅದರ ದಪ್ಪ ಒಂದೇ ಮಿಲಿಮೀಟರ್. ಅಂಗಡಿಯಿಂದ ತಂದ ಹೊಸ ಬೀಡಿಂಗ್ ಎರಡು ಮಿಲಿಮೀಟರ್. ಎರಡೂ ಮಗ್ಗುಲು ಸೇರಿ 356 ಗಾಜಿಗೆ ನಾಲ್ಕು ಕೂಡಿಸಿದರೆ 360, ಅದನ್ನು 358ರೊಳಗೆ ತುರುಕಿದ್ದರು. ಗಾಜಿನ ಅಳತೆ ಎಂದು ಬೇರೆ ಇಲ್ಲ, ಗಾಜು ಮತ್ತು ರಬ್ಬರ್ ಕೂಡಿದ ಅಳತೆಯೇ ಅಳತೆ. ಹಳೆಯ ಗಾಜು ಕೊಟ್ಟ ಅಂಕಿ ಹಳೆಯ ರಬ್ಬರಿಗೆ ಸರಿಯಾಗಿತ್ತು.

ಹೊಸ ಲೆಕ್ಕ ಹೀಗೆ ಹಾಕಿದೆವು. ಎಲ್ಲಕ್ಕಿಂತ ಸಣ್ಣ ಅಡ್ಡಳತೆ 358. ರಬ್ಬರಿಗೆ ನಾಲ್ಕು ಕಳೆದರೆ 354. ಸುತ್ತಲೂ ಒಂದೂವರೆ ಮಿಲಿಮೀಟರ್ ಸಡಿಲಕ್ಕೆ ಇನ್ನೂ ಮೂರು ಕಳೆದರೆ 351. ದಪ್ಪ ನಾಲ್ಕು, ಏಕೆಂದರೆ ನಾವು ವಿಚಾರಿಸಿದ ಕಾರ್ಖಾನೆ ಅದಕ್ಕಿಂತ ತೆಳುವಾದ ಗಾಜನ್ನು ಟಫನ್ ಮಾಡಲು ತೆಗೆದುಕೊಳ್ಳುತ್ತಿರಲಿಲ್ಲ. 3 ಮಿ.ಮೀ. ಸಾದಾ ಗಾಜು ಮೂಲಕ್ಕೆ ಹತ್ತಿರವಾಗುತ್ತಿತ್ತು ನಿಜ. ಆದರೆ ಮಕ್ಕಳ ಮುಖದ ಎತ್ತರಕ್ಕೆ ಬರುವ ಗಾಜಿನಲ್ಲಿ ಮೂಲನಿಷ್ಠೆಗಿಂತ ಸುರಕ್ಷತೆಯೇ ಮುಖ್ಯವೆಂದು ನನ್ನ ನಿಲುವು.

ಟಫನ್ ಆದ ಮೇಲೆ ಗಾಜನ್ನು ಕೊಯ್ಯಲಾಗದು, ಉಜ್ಜಿ ಕಿರಿದು ಮಾಡಲೂ ಆಗದು. ಆದ್ದರಿಂದ ಆರ್ಡರ್ ಕೊಡುವ ಮೊದಲು 4 ಮಿ.ಮೀ. ಪ್ಲೈವುಡ್‌ನಲ್ಲಿ 351ರ ಬಿಲ್ಲೆ ಮಾಡಿ, ಅದೇ ರಬ್ಬರ್ ಸುತ್ತಿ, ಬಳೆಯಲ್ಲಿ ಕೂರಿಸಿ ನೋಡಿದೆವು. ಒಂದು ಬಳೆಯಲ್ಲಿ ಸರಾಗವಾಗಿ ಕೂತಿತು. ಇನ್ನೊಂದರಲ್ಲಿ ಎರಡು ಗಂಟೆಯ ಹತ್ತಿರ ಸ್ಕ್ರೂವಿನ ತುದಿ ಸಂದಿನೊಳಕ್ಕೆ ಇಣುಕುತ್ತಿತ್ತು. ಗ್ಯಾರೇಜಿನವರು ಹಾಕಿದ ಹೊಸ ಸ್ಕ್ರೂಗಳು ಹಳೆಯವಕ್ಕಿಂತ ಉದ್ದವಾಗಿದ್ದವು. ಪ್ಲೈವುಡ್ಡಿನ ಅಂಚಿನಲ್ಲಿ ಅದು ಸಣ್ಣ ತೂತು ಕೊರೆದಿತ್ತು. ಗಾಜಾಗಿದ್ದರೆ ಮತ್ತೊಂದು ರಾತ್ರಿ, ಮತ್ತೊಂದು ಪಟಾಕಿ. ಎಂಟೂ ಸ್ಕ್ರೂಗಳ ತುದಿ ಕತ್ತರಿಸಿದೆವು.

ಗಾಜು ಬಂದ ದಿನ ಕೆಲಸವನ್ನು ಬೆಳಗಿನ ತಂಪಿನಲ್ಲಿ ಇಟ್ಟುಕೊಂಡೆವು. ರಬ್ಬರಿಗೆ ಸಾಬೂನಿನ ನೀರನ್ನಷ್ಟೇ ಸವರಿದೆವು; ಗ್ರೀಸ್, ಎಂಜಿನ್ ಆಯಿಲ್ ಸವರಿದರೆ ರಬ್ಬರ್ ಊದಿಕೊಳ್ಳಬಹುದು. ಬೀಡಿಂಗನ್ನು ಎಳೆದು ಸುತ್ತಲಿಲ್ಲ. ಎಳೆದ ರಬ್ಬರ್ ಕೆಲವೇ ವಾರಗಳಲ್ಲಿ ಕುಗ್ಗಿ ಜೋಡಿನಲ್ಲಿ ಬಾಯಿ ಬಿಡುತ್ತದೆ. ಬದಲಿಗೆ ಐದು ಮಿಲಿಮೀಟರ್ ಉದ್ದ ಬಿಟ್ಟು ಕತ್ತರಿಸಿ, ತುದಿಗಳು ಒಂದನ್ನೊಂದು ಒತ್ತುವ ಹಾಗೆ ಸೇರಿಸಿದೆವು. ಸ್ಕ್ರೂಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಆಮೇಲೆ ಹನ್ನೆರಡಾದರೆ ಆರು, ಮೂರಾದರೆ ಒಂಬತ್ತು ಎಂದು ಎದುರುಬದುರಾಗಿ, ಒಂದು ಸಲಕ್ಕೆ ಕಾಲು ಸುತ್ತಿನಂತೆ ಬಿಗಿದೆವು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ದಿನಪತ್ರಿಕೆಯ ಸಣ್ಣ ಪಟ್ಟಿಯೊಂದನ್ನು ರಬ್ಬರ್ ಮತ್ತು ಬಳೆಯ ನಡುವೆ ಸಿಕ್ಕಿಸಿಕೊಂಡಿದ್ದೆವು. ಎಳೆದರೆ ಪಟ್ಟಿ ತಡೆತಡೆದು ಬರಬೇಕು. ಹರಿದರೆ ಹೆಚ್ಚು ಬಿಗಿ, ಜಾರಿ ಬಂದರೆ ಸಡಿಲ. ಸುತ್ತಲೂ ಎಂಟು ಕಡೆ ಹೀಗೆ ನೋಡಿದೆವು.

ಜಾಹೀರಾತು ಗಾಜು

ಇಡಿಯಾಗಿದ್ದ ಜಾಹೀರಾತು ಗಾಜಿನ ಬೆನ್ನಿನ ಬಣ್ಣ ಹುಪ್ಪಳೆ ಎದ್ದಿತ್ತು. ಗ್ಯಾರೇಜಿನಲ್ಲಿ ಯಾರೋ ಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಅಕ್ಷರದ ಬಂಗಾರದ ಅಂಚು ಆಗಲೇ ಹೋಗಿತ್ತು. ಇಂಥ ಗಾಜು ನಿಮ್ಮ ಕೈಗೆ ಬಂದರೆ ಮುಂಭಾಗವನ್ನು ಮಾತ್ರ ಒರೆಸಿ, ಬೆನ್ನನ್ನು ಮುಟ್ಟಬೇಡಿ. ಅದನ್ನು ಹಾಗೆಯೇ ಒಂದು ಕಡೆಗೆ ಉಳಿಸಿಕೊಂಡೆವು.

ಇನ್ನೊಂದು ಕಡೆಗೆ ಹೊಸದನ್ನು ಮಾಡಬೇಕಿತ್ತು. ಈಗಿನ ಫ್ಲೋಟ್ ಗಾಜು ಕನ್ನಡಿಯಷ್ಟು ಸಪಾಟು. ಹಳೆಯ ಗಾಜಿನ ಮೈಯಲ್ಲಿ ಕೆರೆಯ ನೀರಿನ ಹಾಗೆ ಸಣ್ಣ ಅಲೆ ಇರುತ್ತದೆ. ಎರಡನ್ನೂ ಒಂದೇ ಪಂಪಿಗೆ ಹಾಕಿದರೆ ಬೆಳಕು ಬಿದ್ದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಮೈಸೂರಿನಲ್ಲಿ ಕೆಡವುತ್ತಿದ್ದ ಹಳೆಯ ಮನೆಯೊಂದರ ಕಿಟಕಿಗಳಿಂದ ಮೂರು ಗಾಜು ಸಿಕ್ಕವು. ಕೊಯ್ದವರು ಫೋಟೊಗಳಿಗೆ ಕಟ್ಟು ಹಾಕುವ ಹಿರಿಯ ಸಾಹೇಬರು. ಹಳೆಯ ಗಾಜಿನ ಮೈ ಗಾಳಿ ಮಳೆಗೆ ಒರಟಾಗಿರುತ್ತದೆ, ಗೀರು ಒಂದೇ ಸಮ ಬೀಳುವುದಿಲ್ಲ. ಅವರು ಗಾಜನ್ನು ತೊಳೆದು, ಎಳೆಬಿಸಿಲಿನಲ್ಲಿ ಬೆಚ್ಚಗಾಗಿಸಿ, ಕಟರ್ ಗಾಲಿಗೆ ಸೀಮೆಎಣ್ಣೆ ಹಚ್ಚಿ, ಗೀರು ಎಳೆಯುವಾಗ ಕಿವಿಯನ್ನು ಗಾಜಿನ ಹತ್ತಿರ ತಂದರು. "ಸದ್ದು ಒಂದೇ ಸಮ ಬರಬೇಕು. ನಡುವೆ ನಿಂತರೆ ಮತ್ತೆ ಅದರ ಮೇಲೆಯೇ ಎಳೆಯಬಾರದು, ಆ ಗಾಜು ಹೋಯಿತು ಅಂತಲೇ ಲೆಕ್ಕ" ಎಂದರು. ಮೊದಲನೆಯದು ಹೋಯಿತು. ಎರಡನೆಯದು ರೇಖೆ ಬಿಡದೆ ಬಂತು.

ಬರೆದವರು ಒಂದು ಕಾಲದಲ್ಲಿ ಅಂಗಡಿ ಬೋರ್ಡುಗಳನ್ನು ಬರೆಯುತ್ತಿದ್ದ ಕಲಾವಿದರು. ಗಾಜಿನ ಬೆನ್ನಿಗೆ ಚಿತ್ರ ಬರೆಯುವ ಕಲೆ ಮೈಸೂರಿಗೆ ಹೊಸದಲ್ಲ. ಹಳೆಯ ಮನೆಗಳ ದೇವರ ಕೋಣೆಯಲ್ಲಿ ಅಂಥ ಪಟಗಳನ್ನು ನೋಡಿರುತ್ತೀರಿ. ಅಲ್ಲಿ ಎಲ್ಲವೂ ತಿರುಗುಮುರುಗು. ಕಾಗದದ ಮೇಲೆ ಕೊನೆಗೆ ಬರುವ ಹೊಳಪನ್ನು ಗಾಜಿನಲ್ಲಿ ಮೊದಲೇ ಇಡಬೇಕು, ಹಿನ್ನೆಲೆಯ ಬಣ್ಣ ಕೊನೆಗೆ. ಅಕ್ಷರಗಳು ಬೆನ್ನಿನ ಕಡೆಯಿಂದ ತಿರುಗಿದ ಹಾಗೆ ಕಾಣಬೇಕು. ಹಳೆಯ ಗಾಜಿನ ಬೆನ್ನಿನ ಮೇಲೆ ಟ್ರೇಸಿಂಗ್ ಹಾಳೆಯನ್ನು ಒತ್ತದೆ ಹಾಸಿ ಗೆರೆ ತೆಗೆದುಕೊಂಡದ್ದರಿಂದ ತಿರುಗಿದ ಅಕ್ಷರಗಳು ತಾವಾಗಿಯೇ ಸಿಕ್ಕವು. ಅವರು ಎರಡು ದಿನ ತೆಗೆದುಕೊಂಡು ಬರೆದರು. ಒಳಗೆ ಮೊದಲಿನ ಬಲ್ಬಿನ ಬದಲು ಕಾವು ಕಡಿಮೆಯಿರುವ ಎಲ್‌ಇಡಿ ಹಾಕಿದೆವು, ಹಳೆಯ ಬಣ್ಣ ಇನ್ನಷ್ಟು ಸಿಪ್ಪೆ ಏಳದಿರಲಿ ಎಂದು.

ಮಳೆ

ಜೂನ್‌ನಲ್ಲಿ ಪಂಪ್ ಅಂಗಳಕ್ಕೆ ಮರಳಿತು. ಮುಖದ ಗಾಜುಗಳಿಗೆ ಏನೂ ಆಗಲಿಲ್ಲ. ಜುಲೈನ ಜಡಿಮಳೆಯಲ್ಲಿ ಮಾತ್ರ ಮಾಲೀಕರು ಫೋಟೊ ಕಳುಹಿಸಿದರು: ಗಾಜಿನ ಒಳಗೆ ಮಂಜು ಕವಿದು ಮುಳ್ಳೇ ಕಾಣುತ್ತಿರಲಿಲ್ಲ. ಸಿಲಿಕಾನ್ ಹಚ್ಚಿ ಸುತ್ತಲೂ ಮುಚ್ಚಿಬಿಡೋಣವೇ ಎಂದು ಕೇಳಿದ್ದರು. ಬೇಡವೆಂದೆ. ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗಲು ದಾರಿ ಕೇಳುತ್ತಿದೆ, ಅದನ್ನು ಮುಚ್ಚಿದರೆ ಡಯಲ್ಲಿನ ಬಣ್ಣ ಹೋಗುತ್ತದೆ.

ಹೋಗಿ ಬಳೆಯ ಕೆಳತುದಿಯನ್ನು ಟಾರ್ಚ್ ಹಿಡಿದು ನೋಡಿದೆ. ಆರು ಗಂಟೆಯ ಎಡಬಲಕ್ಕೆ ಬಣ್ಣದ ಕೆಳಗೆ ಎರಡು ಸಣ್ಣ ತಗ್ಗುಗಳ ನೆರಳು. ಬೆನ್ನಿನ ಕಡೆ ಬೆರಳಾಡಿಸಿದರೆ ದುಂಡನೆಯ ಅಂಚು ಸಿಕ್ಕಿತು. ಪಂಪ್ ಮಾಡಿದವರೇ ಇಟ್ಟಿದ್ದ ನೀರಿನ ತೂತುಗಳು, ಗ್ಯಾರೇಜಿನಲ್ಲಿ ತುಕ್ಕಿನ ತೂತೆಂದು ತಿಳಿದು ಪುಟ್ಟಿ ತುಂಬಿದ್ದರು. ಸಂದಿನ ಪುಟ್ಟಿಯನ್ನೆಲ್ಲ ಕೆರೆದ ನನ್ನ ಕಣ್ಣಿಗೂ ಆಗ ಇವು ಬಿದ್ದಿರಲಿಲ್ಲ. ಗಾಜಿಗೆ ಕಂಪನ ತಾಗದಿರಲೆಂದು ಡ್ರಿಲ್ ಬಿಟ್ಟು, ಸಣ್ಣ ಬಿಟ್ಟನ್ನು ಕೈಯಲ್ಲೇ ತಿರುಗಿಸುತ್ತ ಕೊರೆದೆ. ಒಣ ಪುಟ್ಟಿ ಗೋಧಿಹಿಟ್ಟಿನಂತೆ ಉದುರಿತು. ಎರಡನೆಯ ತೂತು ಬಾಯಿ ಬಿಟ್ಟ ಕೂಡಲೇ ಒಂದು ಹನಿ ಬಂತು, ತಡೆದು ಇನ್ನೊಂದು ಬಂತು. ಬಂಕಿನ ಹುಡುಗ ಕೆಳಗೆ ಅಂಗೈ ಒಡ್ಡಿ ಕೂತು, ಹನಿ ನಿಲ್ಲುವವರೆಗೆ ಏಳಲಿಲ್ಲ. ಸಂಜೆ ಮಳೆ ಬಿಟ್ಟು ಬಿಸಿಲು ಬಂದಾಗ ಮಂಜು ಕೆಳಗಿನಿಂದ ಕರಗುತ್ತ ಬಂದು, ಮೊದಲು ಐದನೆಯ ಅಂಕಿ ಕಂಡಿತು, ಆಮೇಲೆ ಮುಳ್ಳು.